ಬಿಟ್ಟು ಹೋಗುವವನ ಪತ್ರ

ಈವ್ ಆನ್‌ಲೈನ್ ಎಂಬ ಅಂತರಿಕ್ಷದ ಆಟವನ್ನು ವರ್ಷಗಟ್ಟಲೆ ಆಡಿದವರ ನಡುವೆ ಒಂದು ತಮಾಷೆ ಚಾಲ್ತಿಯಲ್ಲಿದೆ. ಯಾರಾದರೂ ಆಟ ಬಿಟ್ಟರೆ ‘ಅವನು ಈವ್ ಗೆದ್ದ’ ಎನ್ನುತ್ತಾರೆ. ಈ ಆಟಕ್ಕೆ ಕೊನೆಯ ಹಂತವೆಂಬುದಿಲ್ಲ. ಆದ್ದರಿಂದ ಹೊರಬಿದ್ದವನೇ ಗೆದ್ದವನು. ಇನ್ನೊಂದು ವಾಡಿಕೆಯೂ ಇದೆ. ಹಳೆಯ ಆಟಗಾರನೊಬ್ಬ ‘ಸಾಕಾಯಿತು, ಚಂದಾ ನಿಲ್ಲಿಸುತ್ತಿದ್ದೇನೆ’ ಎಂದು ನೊಂದು ಉದ್ದನೆಯ ಪತ್ರ ಬರೆದರೆ ಜೊತೆಗಾರರಿಂದ ಬರುವ ಉತ್ತರ ಬಹುತೇಕ ಒಂದೇ: ‘ನಿನ್ನ ಸಾಮಾನೆಲ್ಲ ನನಗೆ ಕೊಡ್ತೀಯಾ?’

ಕ್ರೂರವೆನಿಸುವ ಈ ಪ್ರಶ್ನೆಯಲ್ಲಿ ಲೋಕಜ್ಞಾನವೂ ಇದೆ. ಹೋಗುತ್ತೇನೆ ಎಂದವರು ಎಷ್ಟೋ ಮಂದಿ ಹೋಗುವುದಿಲ್ಲ. ಹೋದವರಲ್ಲೂ ಹಲವರು ಆರು ತಿಂಗಳಿಗೆ ಮರಳುತ್ತಾರೆ. ನಿಜಕ್ಕೂ ಹೋಗುವ ಮನಸ್ಸಿದ್ದರೆ ಹಡಗುಗಳನ್ನು, ಆಟದ ನಾಣ್ಯವನ್ನು ಹಂಚಿಬಿಡು, ನಂಬುತ್ತೇವೆ ಎಂಬುದು ಅದರ ತಾತ್ಪರ್ಯ. ಸನ್ಯಾಸಕ್ಕೆ ಹೊರಟವನ ಕಂತೆಯ ಮೇಲೇ ಊರವರ ಕಣ್ಣು.

ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಕಂಪನಿ 2003ರ ಮೇ ತಿಂಗಳಲ್ಲಿ ಈ ಆಟ ಶುರು ಮಾಡಿತು. ಬೇರೆ ಆಟಗಳಲ್ಲಿ ಜನರನ್ನು ಹತ್ತಾರು ಪ್ರತಿಗಳಿಗೆ ಹಂಚಿಬಿಡುತ್ತಾರೆ. ಇಲ್ಲಿ ಬಹುಪಾಲು ಎಲ್ಲರಿಗೂ ಒಂದೇ ಲೋಕ, ಒಂದೇ ಮಾರುಕಟ್ಟೆ, ಒಂದೇ ಇತಿಹಾಸ. ಹಡಗು ಸುಟ್ಟರೆ ಸುಟ್ಟಿತು, ಮರಳಿ ಬರುವುದಿಲ್ಲ. 2014ರ ಜನವರಿಯಲ್ಲಿ ಒಂದು ಬಣ ತನ್ನ ಪ್ರದೇಶದ ಬಾಕಿ ಕಟ್ಟುವುದು ತಪ್ಪಿಹೋಗಿ ಶುರುವಾದ ಕಾಳಗ ಸುಮಾರು 21 ಗಂಟೆ ನಡೆದು, ಜನ ತಿಂಗಳುಗಟ್ಟಲೆ ದುಡಿದು ಕಟ್ಟಿದ 75 ಟೈಟನ್ ಹಡಗುಗಳು ಬೂದಿಯಾದವು. 2016ರವರೆಗೆ ಪಾತ್ರದ ಕೌಶಲಗಳು ಬೆಳೆಯುತ್ತಿದ್ದುದೂ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲೇ. ಚತುರನಾದರೂ ಹೊಸಬ ಹೊಸಬನೇ ಆಗಿದ್ದ. ಇಂಥ ಕಡೆ ಹತ್ತು ವರ್ಷ ಇದ್ದವನು ಎದ್ದು ಹೋಗುವುದೆಂದರೆ ಸಿನಿಮಾ ಅರ್ಧಕ್ಕೆ ಬಿಟ್ಟು ಬಂದಂತಲ್ಲ. ಅವನು ಕಟ್ಟಿದ್ದೆಲ್ಲವೂ ಅಲ್ಲೇ ಉಳಿಯುತ್ತದೆ, ಮತ್ತು ಕಾನೂನಿನ ಪ್ರಕಾರ ಅದು ಯಾವತ್ತೂ ಅವನದಾಗಿರಲಿಲ್ಲ.

ಆ ಲೋಕದಲ್ಲಿ ಜೀಟಾ ಎಂಬುದು ದೊಡ್ಡ ಪೇಟೆ. 2011ರ ಜೂನ್ ಕೊನೆಯಲ್ಲಿ ಅಲ್ಲಿನ ನಿಲ್ದಾಣದ ಮುಂದಿನ ಸ್ಮಾರಕ ಪ್ರತಿಮೆಯ ಸುತ್ತ ನೂರಾರು ಹಡಗುಗಳು ನೆರೆದು ಗುಂಡಿನ ಮಳೆ ಸುರಿಸಿದವು. ಪ್ರತಿಮೆಗೆ ಏನೂ ಆಗುವಂತಿರಲಿಲ್ಲ. ಅದನ್ನು ಒಡೆಯಲು ಬಾರದಂತೆ ಮಾಡಲಾಗಿತ್ತು. ಗುಂಡು ಹಾರಿಸುವವರಿಗೂ ಅದು ಗೊತ್ತಿತ್ತು. ನೆಪವಾದದ್ದು ಒಂಟಿಕಣ್ಣಿನ ಒಂದು ಕನ್ನಡಕ, ಮೊನೊಕಲ್. ಆ ತಿಂಗಳು ಬಂದ ‘ಇನ್‌ಕಾರ್ನಾ’ ವಿಸ್ತರಣೆಯಲ್ಲಿ ಆಟಗಾರರು ಮೊದಲ ಬಾರಿಗೆ ಹಡಗಿನಿಂದಿಳಿದು ಮನುಷ್ಯರೂಪದಲ್ಲಿ ಓಡಾಡಬಹುದು ಎಂದಾಗಿತ್ತು. ವರ್ಷಗಳಿಂದ ಕಾದವರಿಗೆ ಸಿಕ್ಕಿದ್ದು ಒಂದು ಕೋಣೆ, ಅದಕ್ಕೊಂದು ತೆರೆಯದ ಬಾಗಿಲು. ಅದರ ಜೊತೆಗೆ ಅಂಗಡಿ. ತಿಂಗಳ ಚಂದಾ ಸುಮಾರು 15 ಡಾಲರ್ ಇದ್ದ ಆಟದಲ್ಲಿ ಆ ಕನ್ನಡಕಕ್ಕೆ 60 ಡಾಲರ್ ಮೀರಿದ ಬೆಲೆ.

ಕನ್ನಡಕ ಯಾರಿಗೂ ಬೇಕಿರಲಿಲ್ಲ, ಕೊಳ್ಳದೆ ಇದ್ದರೆ ನಷ್ಟವೂ ಇರಲಿಲ್ಲ. ಹಾಗಾದರೆ ಇಷ್ಟು ಕೋಪ ಯಾಕೆ? ಅದೇ ದಿನಗಳಲ್ಲಿ ಕಂಪನಿಯ ಒಳಗಿನ ಸುದ್ದಿಪತ್ರವೊಂದು ಸೋರಿ ಹೊರಬಂತು. ದುರಾಸೆ ಒಳ್ಳೆಯದೇ ಎಂದು ಕೇಳುವ ತಲೆಬರಹ ಅದರ ಮೇಲಿತ್ತು. ಇವತ್ತು ಕನ್ನಡಕ ಮಾರುವವರು ನಾಳೆ ದುಡ್ಡಿಗೆ ಬಲವಾದ ಮದ್ದುಗುಂಡು ಮಾರುತ್ತಾರೆ, ಆಗ ನಮ್ಮ ಇಷ್ಟು ವರ್ಷದ ದುಡಿಮೆಗೆ ಬೆಲೆಯೇನು ಎಂಬುದು ಆಟಗಾರರ ಭಯ. ಅದರ ಬೆನ್ನಿಗೇ ಮುಖ್ಯಸ್ಥ ಹಿಲ್ಮಾರ್ ಪೆತುರ್ಸಾನ್ ಅವರದೆಂದು ಇನ್ನೊಂದು ಪತ್ರವೂ ಹೊರಬಿತ್ತು. ಈಗ ಆಟಗಾರರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು ಎಂಬ ಧಾಟಿ ಅದರದು.

ವ್ಯಾಪಾರದ ಶಾಲೆಗಳಲ್ಲಿ ಇದನ್ನು ಜಾಣತನವೆಂದೇ ಕಲಿಸುತ್ತಾರೆ: ಗಿರಾಕಿಯ ಮಾತು ನಂಬಬೇಡ, ಕೈ ಜೇಬಿಗೆ ಹೋಗುತ್ತದೆಯೇ ನೋಡು. ಆಟಗಾರರೂ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಹೇಳುವುದನ್ನು ನಿಲ್ಲಿಸಿ ಮಾಡಿ ತೋರಿಸಿದರು, ಚಂದಾ ರದ್ದಾಗತೊಡಗಿತು.

ಇಲ್ಲಿ ನನಗೆ ಆಲ್ಬರ್ಟ್ ಹಿರ್ಶ್‌ಮನ್ ನೆನಪಾಗುತ್ತಾರೆ. ಬರ್ಲಿನ್ನಿನಲ್ಲಿ 1915ರಲ್ಲಿ ಹುಟ್ಟಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ದೇಶ ಬಿಟ್ಟ ಅರ್ಥಶಾಸ್ತ್ರಜ್ಞ ಅವರು. 1940ರಲ್ಲಿ ಮಾರ್ಸೇಲ್ಸ್‌ನಲ್ಲಿದ್ದು ನಿರಾಶ್ರಿತರನ್ನು ಫ್ರಾನ್ಸಿನಿಂದ ಪಾರುಮಾಡುವ ಕೆಲಸಕ್ಕೆ ಕೈಜೋಡಿಸಿದವರು. ಬಿಟ್ಟು ಹೋಗುವುದು ಅಂದರೇನು ಎಂಬುದು ಅವರಿಗೆ ಪುಸ್ತಕದ ವಿಷಯವಾಗುವ ಮೊದಲೇ ಬದುಕಿನ ವಿಷಯವಾಗಿತ್ತು. 1970ರಲ್ಲಿ ಬಂದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ತೆಳ್ಳನೆಯ ಪುಸ್ತಕದ ಪ್ರಶ್ನೆ ಇಷ್ಟೇ: ನಾವು ನಂಬಿದ ಸಂಸ್ಥೆಯೊಂದು ಕೆಡುತ್ತ ಹೋದಾಗ ನಾವೇನು ಮಾಡುತ್ತೇವೆ? ಎದ್ದು ಹೋಗಬಹುದು, ಅಥವಾ ಒಳಗಿದ್ದೇ ದನಿ ಎತ್ತಬಹುದು. ನಿಷ್ಠೆ ಎಂಬುದು ಹೋಗುವುದನ್ನು ಮುಂದೂಡಿ, ದನಿಗೆ ಸಮಯ ಕೊಡುತ್ತದೆ.

ಈ ಯೋಚನೆಗೆ ಬೀಜ ಸಿಕ್ಕಿದ್ದು ನೈಜೀರಿಯಾದ ರೈಲಿನಲ್ಲಿ. ಉತ್ತರದ ಕಡಲೆಕಾಯಿಯನ್ನು ದೂರದ ಬಂದರಿಗೆ ಸಾಗಿಸುವ ಕೆಲಸ ರೈಲಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ರೈಲ್ವೆ ಕೆಟ್ಟು ಕೂತಿತ್ತು, ಸರಕೆಲ್ಲ ಲಾರಿ ಹತ್ತಿತ್ತು. ಲಾರಿಯ ಪೈಪೋಟಿ ರೈಲನ್ನು ಚುರುಕು ಮಾಡಬೇಕಿತ್ತಲ್ಲ? ಮಾಡಲಿಲ್ಲ. ಯಾಕೆಂದರೆ ರೈಲ್ವೆ ಕಚೇರಿಗೆ ಹೋಗಿ ಜೋರು ಮಾಡಬಲ್ಲ ದೊಡ್ಡ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ಉಳಿದವರಿಗೆ ಬಾಯಿಯಿರಲಿಲ್ಲ. ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಕೆಡುಕನ್ನು ಎಲ್ಲರಿಗಿಂತ ಮೊದಲು ಗುರುತಿಸುವವರೇ ಎಲ್ಲರಿಗಿಂತ ಮೊದಲು ಹೊರಟರೆ, ಕೆಡುಕಿನ ಸುದ್ದಿ ಒಳಗೆ ಉಳಿದವರಿಗೆ ತಲುಪುವುದೇ ಇಲ್ಲ.

ಹೀಗಾಗಿ ‘ಹೇಳಿದ್ದು ಬೇಡ, ಮಾಡಿದ್ದು ನೋಡೋಣ’ ಎನ್ನುವ ಮಾಲೀಕ ತನ್ನ ಕಿವಿಯನ್ನು ತಾನೇ ಕಿತ್ತುಕೊಂಡಂತೆ. ರದ್ದಾದ ಚಂದಾ ಒಂದು ಅಂಕಿ. ಅದು ಕನ್ನಡಕದ ಬೆಲೆಗೋ, ಬಾಗಿಲು ತೆರೆಯದ್ದಕ್ಕೋ, ಮಗು ಹುಟ್ಟಿದ್ದಕ್ಕೋ ಎಂದು ಅಂಕಿ ಹೇಳುವುದಿಲ್ಲ. ಪತ್ರ ಹೇಳುತ್ತದೆ. ಪತ್ರಿಕೆಯ ಸಂಪಾದಕರಿಗೆ ಇದು ಗೊತ್ತು: ‘ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ಈ ತಿಂಗಳಿಂದ ತರಿಸುವುದಿಲ್ಲ’ ಎಂದು ನಾಲ್ಕು ಪುಟ ಬೈದು ಬರೆದ ಓದುಗನ ಕಾಗದವನ್ನು ಅವರು ಬೇಗ ಬಿಸಾಡುವುದಿಲ್ಲ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ನಮ್ಮ ಅಜ್ಜಿಯರು ಮಾರುಕಟ್ಟೆ ಸಂಶೋಧನೆಗೆ ಮುಂಚೆಯೇ ಹೇಳಿದ್ದರು.

ಸಿಸಿಪಿಯ ಮಟ್ಟಿಗೆ ಹೇಳಬೇಕಾದ ಒಳ್ಳೆಯ ಮಾತೂ ಒಂದಿದೆ. ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿಯನ್ನು ಅದು 2008ರಲ್ಲೇ ರಚಿಸಿತ್ತು. ಗದ್ದಲವಾದಾಗ ಅದರ ಸದಸ್ಯರನ್ನು ತುರ್ತಾಗಿ ರೇಕ್ಯಾವಿಕ್‌ಗೆ ಕರೆಸಿತು. ದುಡ್ಡಿಗೆ ಬಲ ಮಾರುವ ಯೋಜನೆ ಇಲ್ಲ ಎಂಬ ಭರವಸೆ ಅಲ್ಲಿಂದ ಬಂತು. ಆದರೆ ಆ ವೇಳೆಗೆ ಬಿಟ್ಟವರು ಬಿಟ್ಟಾಗಿತ್ತು. ಅಕ್ಟೋಬರ್ ಮೊದಲ ವಾರ ಹಿಲ್ಮಾರ್ ಬಹಿರಂಗವಾಗಿ ಕ್ಷಮೆ ಕೇಳಿದರು. ಗೆಲುವಿನ ಮದದಲ್ಲಿ ಎಚ್ಚರಿಕೆಯ ಮಾತು ಕಿವಿಗೆ ಬೀಳಲಿಲ್ಲವೆಂದು ಒಪ್ಪಿಕೊಂಡರು. ಅದೇ ತಿಂಗಳು ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇ. 20ರಷ್ಟು ಜನರನ್ನು ಕೆಲಸದಿಂದ ತೆಗೆಯಿತು. ಇದನ್ನು ಆಟಗಾರರ ವಿಜಯವೆಂದು ಬರೆಯುವವರು ಈ ಸಾಲನ್ನು ಸಾಮಾನ್ಯವಾಗಿ ಹಾರಿಸುತ್ತಾರೆ. ಮುಖ್ಯಸ್ಥರು ಉಳಿದರು, ಬೆಲೆ ತೆತ್ತವರಲ್ಲಿ ಎಷ್ಟು ಮಂದಿಗೆ ಆ ಕನ್ನಡಕದೊಡನೆ ಸಂಬಂಧವಿತ್ತೋ. ನವೆಂಬರಿನ ಹೊಸ ವಿಸ್ತರಣೆ ಮಾತ್ರ ಮುಖ್ಯವಾಗಿ ಹಡಗಿನ ದೋಷಗಳನ್ನು ತಿದ್ದುವತ್ತ ತಿರುಗಿತು. ಜೀಟಾದ ಪ್ರತಿಮೆಯನ್ನೂ ಮುಂದೆ ಕಂಪನಿಯವರೇ ಮುರಿದುಬಿದ್ದ ರೂಪಕ್ಕೆ ಬದಲಿಸಿದರು.

ಹಳೆಯ ಆಟಗಾರ ಹೋದಾಗ ಕಂಪನಿ ಕಳೆದುಕೊಳ್ಳುವುದು ತಿಂಗಳ ಚಂದಾ ಅಷ್ಟೇ ಎಂದು ಲೆಕ್ಕ ಹಾಕುವುದು ಇಲ್ಲಿ ದೊಡ್ಡ ತಪ್ಪು. ಈವ್‌ನಲ್ಲಿ ಹೊಸಬರಿಗೆ ಪಾಠ ಹೇಳುವ ವಿಶ್ವವಿದ್ಯಾಲಯವನ್ನು ಆಟಗಾರರೇ 2004ರಲ್ಲಿ ಕಟ್ಟಿದರು. ಯುದ್ಧ, ಸಂಧಿ, ಬೇಹುಗಾರಿಕೆ, ವಂಚನೆ, ಮಾರುಕಟ್ಟೆಯ ದರ ಎಲ್ಲವೂ ಅವರದೇ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 2012ರಲ್ಲಿ ಈ ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ, ಪ್ರದರ್ಶನದಲ್ಲಿ ಇಡಲು ಸಾಧ್ಯವಾದದ್ದು ಆಟವನ್ನಲ್ಲ, ಆಟಗಾರರ ಒಂದು ದಿನದ ಬದುಕನ್ನು ಹೊಲಿದು ಮಾಡಿದ ವಿಡಿಯೊವನ್ನು. ಅವರಿಲ್ಲದಿದ್ದರೆ ತೋರಿಸಲು ಖಾಲಿ ಆಕಾಶ ಬಿಟ್ಟು ಬೇರೇನಿತ್ತು? ಈ ಲೋಕದಲ್ಲಿ ಗಿರಾಕಿಯೇ ಅರ್ಧ ಕುಶಲಕರ್ಮಿ. ಅವನ ಚಂದಾವನ್ನು ಇನ್ನೊಬ್ಬನ ಚಂದಾ ತುಂಬಬಹುದು. ಅವನಿಂದ ಕಲಿಯಬೇಕಿದ್ದ ಇಪ್ಪತ್ತು ಹೊಸಬರಿಗೆ ಗುರುವನ್ನು ಯಾರು ತರುತ್ತಾರೆ?

ಹಾಗೆಂದು ಹೋಗುವವನನ್ನು ತಡೆದು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೋಗಬಲ್ಲವನ ದನಿಗೆ ಮಾತ್ರ ತೂಕ ಎಂಬುದನ್ನು ಹಿರ್ಶ್‌ಮನ್ ಕೂಡ ಅರಿತಿದ್ದರು. ಬಾಗಿಲಿಗೆ ಬೀಗ ಹಾಕಿದ ಮೇಲೆ ಒಳಗಿನವರು ಕೂಗಿದರೆ ಅದು ಗದ್ದಲವಷ್ಟೇ. ಈವ್‌ನಲ್ಲಿ ‘ಬಿಟರ್‌ವೆಟ್’ ಎಂದು ಕರೆಸಿಕೊಳ್ಳುವ ಒಂದು ಜಾತಿಯ ಹಳಬರಿದ್ದಾರೆ: ಬಿಡುವುದೂ ಇಲ್ಲ, ಬಯ್ಯುವುದೂ ನಿಲ್ಲಿಸುವುದಿಲ್ಲ. ವರ್ಷಕ್ಕೊಮ್ಮೆ ಚಂದಾ ಕಟ್ಟುತ್ತಲೇ ಆಟ ಸತ್ತುಹೋಯಿತು ಎಂದು ಘೋಷಿಸುವ ಇವರ ಮಾತನ್ನು ಕಂಪನಿ ಕೇಳದಿದ್ದರೆ ನನಗೆ ಆಶ್ಚರ್ಯವಿಲ್ಲ.

ಮಾಲೀಕನೇ ಎದ್ದು ಹೋದರೆ? ‘ಸಿಟಿ ಆಫ್ ಹೀರೋಸ್’ ಎಂಬ ಆಟವನ್ನು ಎನ್‌ಸಿಸಾಫ್ಟ್ ಕಂಪನಿ 2012ರ ನವೆಂಬರ್ 30ರಂದು ಮುಚ್ಚಿತು.  ಆ ಆಟದ ಒಂದು ಗುಂಪು ಯಾರಿಗೂ ಹೇಳದೆ ಸ್ವಂತ ಸರ್ವರ್ ನಡೆಸಿಕೊಂಡಿತ್ತು. 2019ರಲ್ಲಿ ಗುಟ್ಟು ರಟ್ಟಾದಾಗ ಅಭಿಮಾನಿಗಳು ಖುಷಿಪಡುವ ಮೊದಲು ರೇಗಿದರು, ಆರು ವರ್ಷ ನಮ್ಮಿಂದ ಮುಚ್ಚಿಟ್ಟಿರಲ್ಲ ಎಂದು. ಆಮೇಲೆ ಎಲ್ಲರಿಗೂ ತೆರೆದ ‘ಹೋಮ್‌ಕಮಿಂಗ್’ ಎಂಬ ಸರ್ವರಿನ ಖರ್ಚು ಆಟಗಾರರ ದೇಣಿಗೆಯಿಂದ ನಡೆಯುತ್ತದೆ. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅದಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು.