ಫೋಟೋ ತೆಗೆಯೋದಕ್ಕೂ ಡಿಗ್ರಿಯೇ?

ಮೊನ್ನೆ ಸಂಜೆ ಸದಾಶಿವನಗರದ ಒಂದು ದಿನಸಿ ಅಂಗಡಿಯ ಮುಂದೆ ದೊಡ್ಡ ಚರ್ಚೆಯೇ ನಡೆದಿತ್ತು. ಅಂಗಡಿ ಯಜಮಾನರ ಮಗ ಪಿಯುಸಿ ಮುಗಿಸಿದ್ದಾನೆ. ಬಿ.ಕಾಂ. ಸೇರಿಕೊಂಡು ಅಂಗಡಿ ಲೆಕ್ಕ ನೋಡಿಕೋ ಅಂದರೆ ಹುಡುಗ ಸುತರಾಂ ಒಪ್ಪುತ್ತಿಲ್ಲ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಫೋಟೋಗ್ರಫಿಯಲ್ಲೇ ಡಿಗ್ರಿ ಕೊಡುತ್ತಾರಂತೆ, ಅದಕ್ಕೇ ಸೇರಬೇಕಂತೆ. ಫೀಜು, ಹಾಸ್ಟೆಲು, ಕ್ಯಾಮರಾ ಎಲ್ಲಾ ಸೇರಿ ಮೂರು ವರ್ಷಕ್ಕೆ ಆರು ಲಕ್ಷಕ್ಕೆ ಕಡಿಮೆ ಇಲ್ಲ.

“ಏನ್ ಸಾರ್ ಇದು ಅನ್ಯಾಯ? ನಮ್ಮ ಮದುವೆ ಫೋಟೋ ತೆಗೆದೋನು ಎಸ್ಸೆಸ್ಸೆಲ್ಸಿ ಫೇಲು. ಇಪ್ಪತ್ತೈದು ವರ್ಷ ಆಯ್ತು, ಫೋಟೋ ಇನ್ನೂ ಗೋಡೆ ಮೇಲೆ ಹೊಸದರ ಹಾಗೇ ಇದೆ. ಬಟನ್ ಒತ್ತೋದಕ್ಕೆ ಆರು ಲಕ್ಷವೇ?” ಎಂದು ಯಜಮಾನರು ನಮ್ಮನ್ನೇ ಕೇಳಿದರು. ಗುಬ್ಬಿ ಬಸ್ಸಿಗೆ ಹೊರಟಿದ್ದ ಗಿರಾಕಿಯೊಬ್ಬರು ನಿಂತು, “ಕಾಲ ಬದಲಾಗಿದೆ ಯಜಮಾನ್ರೇ, ಕಾಗದ ಇಲ್ಲದೋನನ್ನ ಯಾರೂ ಒಳಕ್ಕೆ ಬಿಡಲ್ಲ” ಎಂದರು.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಇದು ಒಂದು ಮನೆಯ ಪ್ರಶ್ನೆಯೂ ಅಲ್ಲ. ಗುಬ್ಬಿ, ಕುಣಿಗಲ್ ಕಡೆಯಿಂದ ಪ್ರತಿದಿನ ಬಸ್ಸು ಹತ್ತಿ ತುಮಕೂರಿಗೆ ಓದಲು ಬರುವ ಎಷ್ಟೋ ಹುಡುಗ ಹುಡುಗಿಯರ ತಲೆಯಲ್ಲಿ ಈ ಆಸೆ ಓಡುತ್ತಿದೆ. ಆದ್ದರಿಂದ ಕೂತು ಲೆಕ್ಕ ಹಾಕೋಣ.

ಮೈಸೂರಿನ ಇಬ್ಬರು

ಮೊದಲು ಇಬ್ಬರು ಕನ್ನಡಿಗರ ಕಥೆ ಕೇಳಿ. ಇಬ್ಬರೂ ಹುಟ್ಟಿದ್ದು ಮೈಸೂರಿನಲ್ಲಿ, ಇಬ್ಬರೂ 1923ರಲ್ಲಿ.

ಒಬ್ಬರು ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಓದಿ ಬೊಂಬಾಯಿಗೆ ಹೋದವರು. ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟವರು ಇವರೇ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಸ್ಟುಡಿಯೋದೊಳಕ್ಕೆ ಕೋಲಿನಂತೆ ಇಳಿಯುವ ಬೆಳಕನ್ನು ಇವರು ಕನ್ನಡಿಗಳಿಂದ ಸೂರ್ಯನ ಬಿಸಿಲನ್ನೇ ತಿರುಗಿಸಿ ತಂದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಬಂತು. ಕ್ಯಾಮರಾ ಹಿಡಿದವರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಇನ್ನೊಬ್ಬರು ಟಿ.ಎಸ್. ಸತ್ಯನ್. ಮೈಸೂರಿನ ಮಹಾರಾಜಾ ಕಾಲೇಜಿನ ಬಿ.ಎ. ಪದವೀಧರರು. ಕ್ಯಾಮರಾ ಕೆಲಸಕ್ಕೆ ಯಾವ ಡಿಗ್ರಿಯನ್ನೂ ಮಾಡಲಿಲ್ಲ. ಪತ್ರಿಕೆಗೆ ಸೇರಿ, ಊರೂರು ಅಲೆದು, ಸಾಮಾನ್ಯ ಜನರ ಬದುಕನ್ನು ಚಿತ್ರ ಮಾಡಿದರು. ಅಮೆರಿಕದ ‘ಲೈಫ್’ ಪತ್ರಿಕೆಯಲ್ಲೂ ಇವರ ಚಿತ್ರಗಳು ಬಂದವು. 1977ರಲ್ಲಿ ಪದ್ಮಶ್ರೀ ಬಂತು.

ಒಬ್ಬರು ಓದಿ ಬೆಳೆದರು, ಇನ್ನೊಬ್ಬರು ಅಲೆದು ಬೆಳೆದರು. ಹಾಗಾದರೆ ಓದು ಬೇಕೋ ಬೇಡವೋ? ಒಂದು ಅಂಶ ಗಮನಿಸಿ. ಮೂರ್ತಿಯವರು ಓದಿದ್ದು ಪಾಲಿಟೆಕ್ನಿಕ್‌ನಲ್ಲಿ, ಕೈಕೆಲಸ ಕಲಿಸುವ ಜಾಗದಲ್ಲಿ. ನಿರ್ದೇಶಕ ಗೋವಿಂದ ನಿಹಲಾನಿ ಕೂಡ 1962ರಲ್ಲಿ ಅಲ್ಲಿಂದಲೇ ಹೊರಬಂದರು. ಸತ್ಯನ್ ಅವರಿಗೆ ಬಿ.ಎ. ಓದು ಲೋಕ ನೋಡುವ ಬುದ್ಧಿ ಕೊಟ್ಟಿತು, ಪತ್ರಿಕೆಯ ಕೆಲಸ ಕೈಯನ್ನು ಪಳಗಿಸಿತು. ಇಬ್ಬರಿಗೂ ಅನ್ನ ಕೊಟ್ಟದ್ದು ಕಣ್ಣು. ಚೌಕಟ್ಟು ಹಾಕಿದ ಸರ್ಟಿಫಿಕೇಟು ಯಾವ ಚಿತ್ರದ ಮೂಲೆಯಲ್ಲೂ ಕಾಣುವುದಿಲ್ಲ.

ಮಿಷನ್ನು ಹಳತಾಗುತ್ತದೆ

ಹಳೇ ಸ್ಟುಡಿಯೋಗಳಲ್ಲಿ ಹುಡುಗರು ಹೇಗೆ ಕಲಿಯುತ್ತಿದ್ದರು, ಜ್ಞಾಪಿಸಿಕೊಳ್ಳಿ. ಮೊದಲ ವರ್ಷ ಕಸ ಗುಡಿಸುವುದು, ಟ್ರೇ ತೊಳೆಯುವುದು. ಆಮೇಲೆ ಡಾರ್ಕ್ ರೂಮಿಗೆ ಪ್ರವೇಶ. ಕೆಂಪು ದೀಪದ ಕೆಳಗೆ ಡೆವಲಪರ್ರು, ಹೈಪೋ, ವಾಸನೆ. ಆಮೇಲೆ ಪೆನ್ಸಿಲ್ ಹಿಡಿದು ನೆಗೆಟಿವ್ ತಿದ್ದುವುದು. ಕ್ಲಿಕ್ ಥರ್ಡ್ ಕ್ಯಾಮರಾದ ಒಂದು ರೋಲಿನಲ್ಲಿ ಹನ್ನೆರಡೇ ಚಿತ್ರ. ಒಂದು ಕೆಟ್ಟರೆ ಯಜಮಾನರಿಂದ ಬೈಗುಳ! ಹಾಗಾಗಿ ಒತ್ತುವ ಮುಂಚೆ ನೋಡುವುದನ್ನು ಕಲಿತರು.

ಆ ವಿದ್ಯೆಯ ಗತಿ ಏನಾಯಿತು? ಕಲರ್ ಲ್ಯಾಬ್ ಬಂತು, ಆಮೇಲೆ ಡಿಜಿಟಲ್ ಬಂತು, ಡಾರ್ಕ್ ರೂಮು ಉಗ್ರಾಣವಾಯಿತು. ಫಿಲಂ ಎಂದರೇ ಕೊಡಕ್ ಎನ್ನುವಂತಿದ್ದ ಆ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ತಮಾಷೆ ನೋಡಿ, 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮರಾ ಮಾಡಿದ್ದು ಅದೇ ಕಂಪನಿಯ ಇಂಜಿನಿಯರು. ಪಾಸ್‌ಪೋರ್ಟ್ ಸೈಜಿನ ಫೋಟೋವೇ ಸ್ಟುಡಿಯೋದ ದಿನದ ಅನ್ನವಾಗಿತ್ತು. ಈಗ ಆಧಾರ್ ಕೇಂದ್ರದಲ್ಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅವರೇ ಕೂರಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಎಲ್ಲರ ಜೇಬಿನಲ್ಲೂ ಕ್ಯಾಮರಾ ಬಂದಿದೆ. ಸಾಲದ್ದಕ್ಕೆ, ಕ್ಯಾಮರಾವೇ ಇಲ್ಲದೆ ಕಂಪ್ಯೂಟರು ಚಿತ್ರ ಹುಟ್ಟಿಸುವ ಕಾಲ ಇದು.

ಇಷ್ಟೆಲ್ಲಾ ಆದರೂ ಕೆಲವರು ಬಾಗಿಲು ಹಾಕಲಿಲ್ಲ. ಯಾರು? ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಬಲ್ಲವರು. ಧಾರೆ ಎರೆಯುವ ಹೊತ್ತಿಗೆ ಎಲ್ಲಿ ನಿಲ್ಲಬೇಕು, ಮಗಳನ್ನು ಕಳಿಸಿಕೊಡುವಾಗ ತಾಯಿಯ ಮುಖದ ಕಡೆ ಯಾವಾಗ ತಿರುಗಬೇಕು ಎಂದು ಬಲ್ಲವರು. ಮಿಷನ್ನು ಮಾತ್ರ ಕಲಿತಿದ್ದವರು ಮಿಷನ್ನಿನ ಜೊತೆಗೇ ಹೋದರು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮಿಷನ್ನು ಒತ್ತುವುದನ್ನು ಕಲಿಸುವ ಡಿಗ್ರಿಗೆ ಆರು ಲಕ್ಷ ದಂಡ. ಕಣ್ಣು ತಿದ್ದುವ ಗುರು ಸಿಕ್ಕರೆ ಮಾತ್ರ ಅದು ದುಡ್ಡಿಗೆ ತಕ್ಕ ಮಾಲು.

ಅಂಗಡಿ ಲೆಕ್ಕ

ಈಗ ದುಡ್ಡಿನ ಮಾತು. ಆರು ಲಕ್ಷ ರೂಪಾಯಿ ಶೇಕಡ 10ರ ಬಡ್ಡಿಗೆ ಸಾಲ ಎತ್ತಿ ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 10,000 ರೂಪಾಯಿ ಕಟ್ಟಬೇಕು. ಕೊನೆಗೆ ಕೈ ಬಿಡುವುದು ಎಂಟು ಲಕ್ಷದ ಮೇಲೆ. ಓದುವ ಕಾಲದಲ್ಲಿ ಬೆಳೆಯುವ ಬಡ್ಡಿ ಬೇರೆ.

ಈ ಕಂತು ಪ್ರತಿ ತಿಂಗಳೂ ಬರುತ್ತದೆ, ಮದುವೆ ಪ್ರತಿ ತಿಂಗಳೂ ಬರುವುದಿಲ್ಲ! ಆಷಾಢದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮುಹೂರ್ತ ಇರುವ ದಿನ ಒಂದೇ ಸಲ ನಾಲ್ಕು ಕಡೆ ಕರೆ, ಇಲ್ಲದ ತಿಂಗಳಲ್ಲಿ ಕ್ಯಾಮರಾಕ್ಕೆ ಧೂಳು. ಆಲ್ಬಂ ಒಯ್ದವರು ಬಾಕಿ ಕೊಡುವುದು ಯಾವಾಗ ಎಂಬುದನ್ನು ಉದ್ರಿ ಪುಸ್ತಕ ಇಟ್ಟಿರುವ ನಮ್ಮ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮತ್ತು ಛತ್ರದಲ್ಲಿ ಯಾವ ಬೀಗರೂ ಛಾಯಾಗ್ರಾಹಕನ ಮಾರ್ಕ್ಸ್ ಕಾರ್ಡ್ ಕೇಳಿದ್ದನ್ನು ನಾವು ಕಂಡಿಲ್ಲ. “ಹಿಂದಿನ ಆಲ್ಬಂ ತೋರಿಸಪ್ಪಾ” ಅಂತಾರೆ, ಅಷ್ಟೇ.

ಹಾಗಂತ ಕಾಗದ ಎಲ್ಲೂ ಬೇಡ ಎಂದಲ್ಲ. ಸರ್ಕಾರದಲ್ಲಿ, ಪುರಾತತ್ವದಂಥ ಇಲಾಖೆಗಳಲ್ಲಿ ಛಾಯಾಗ್ರಾಹಕರ ಹುದ್ದೆ ಕರೆದಾಗ ವಿದ್ಯಾರ್ಹತೆ ಕೇಳಿಯೇ ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಬೇಕಾದರೆ ಸ್ನಾತಕೋತ್ತರ ಪದವಿಯೇ ಬೇಕು. ಡ್ರೋನ್ ವಿಷಯ ಇನ್ನೂ ವಿಚಿತ್ರ. 2021ರ ಡ್ರೋನ್ ನಿಯಮದ ಪ್ರಕಾರ, 250 ಗ್ರಾಮಿನ ಒಳಗಿನ ಪುಟ್ಟದನ್ನು ಬಿಟ್ಟರೆ, ಬಾಡಿಗೆಗೆ ಹಾರಿಸುವವನ ಹತ್ತಿರ ಪೈಲಟ್ ಪ್ರಮಾಣಪತ್ರ ಇರಬೇಕು. ಅಂದರೆ ಮದುವೆ ಮನೆಯಲ್ಲಿ ಕಾನೂನು ಕೇಳುವ ಕಾಗದ ಫೋಟೋ ಡಿಗ್ರಿಯಲ್ಲ, ಡ್ರೋನಿನದು!

ಓದದಿದ್ದರೆ ಆಗುವ ನಷ್ಟವನ್ನೂ ಹೇಳಬೇಕು. ಕಾಸು ಕೊಟ್ಟು ಮಾಡಿಸಿದ ಫೋಟೋದ ಹಕ್ಕು ಯಾರದು? 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರದೇ. ಗಿರಾಕಿಯ ಮಗಳ ಚಿತ್ರವನ್ನು ಕೇಳದೆ ಅಂಗಡಿಯ ಬೋರ್ಡಿಗೆ ಹಾಕಿಕೊಂಡರೆ ತಂಟೆ ಕಟ್ಟಿಟ್ಟದ್ದು. ಇಂಥ ಕಾನೂನು, ಕರಾರು ಬರೆಯುವ ಕ್ರಮ, ನಮಗಿಂತ ಮೊದಲಿನವರು ಏನು ಮಾಡಿದ್ದಾರೆ ಎಂಬ ತಿಳಿವಳಿಕೆ ಮುಹೂರ್ತದ ಗಡಿಬಿಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಒಳ್ಳೆಯ ಶಾಲೆ ಹೇಳಿಕೊಡುತ್ತದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎನ್ನುತ್ತಾರೆ ಹಿರಿಯರು. ಒಕ್ಕಾಲನ್ನು ಸೊನ್ನೆ ಎಂದು ಅವರು ಹೇಳಲಿಲ್ಲ.

ದಾರಿ ಯಾವುದು?

ಯಜಮಾನರಿಗೆ ನಾವು ಹೇಳಿದ್ದು ಇದು. ಹುಡುಗನನ್ನು ಬೈಯಬೇಡಿ, ಸಾಲವನ್ನೂ ಎತ್ತಬೇಡಿ. ಮೊದಲು ಒಂದು ವರ್ಷ ಪರೀಕ್ಷೆ ಇಡಿ. ತುಮಕೂರಿನಲ್ಲೇ ಮಾಮೂಲಿ ಡಿಗ್ರಿಗೆ ಸೇರಲಿ, ಮುಹೂರ್ತದ ದಿನಗಳಲ್ಲಿ ಒಬ್ಬ ಒಳ್ಳೆಯ ಸ್ಟುಡಿಯೋದವರ ಹಿಂದೆ ಲೈಟು ಹಿಡಿದು ಓಡಾಡಲಿ. ಬಿಡುವಿದ್ದಾಗ ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿ ಜಾತ್ರೆಗೆ, ಶಿವರಾತ್ರಿ ಸಮಯದ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಲಿ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಣ್ಣದ ಕೊಕ್ಕರೆ ಬರುತ್ತವೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಈ ಪಾಠಶಾಲೆಗಳಿಗೆ ಡೊನೇಷನ್ ಇಲ್ಲ, ಬಸ್ ಚಾರ್ಜು ಮಾತ್ರ.

ವರ್ಷ ಕಳೆದ ಮೇಲೂ, ಬೆನ್ನು ನೋವು, ಬಾಕಿ ವಸೂಲಿ, ರಾತ್ರಿ ಎರಡು ಗಂಟೆಯ ಊಟ ಎಲ್ಲಾ ಕಂಡ ಮೇಲೂ ಹುಡುಗನ ಆಸೆ ಇಳಿಯದಿದ್ದರೆ ಆಗ ಓದಿಸಿ. ಆದರೆ ಮೊದಲು ಸರ್ಕಾರಿ ಸಂಸ್ಥೆಗಳ ಬಾಗಿಲು ತಟ್ಟಿ. ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ, ನಮ್ಮೂರಿಗೆ ಬೆಂಗಳೂರು ಪೇಟೆಗಿಂತ ಅದೇ ಹತ್ತಿರ. ಫೋಟೋಗ್ರಫಿಯಲ್ಲೇ ಪದವಿ ಬೇಕಾದರೆ ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯವಿದೆ. ಇನ್ನೂ ಮೇಲಕ್ಕೆ ಹೋಗುವವರಿಗೆ ಗಾಂಧಿನಗರದಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ನಾತಕೋತ್ತರ ಕೋರ್ಸು ಇದೆ.

ಖಾಸಗಿಗೇ ಹೋಗುವುದಾದರೆ ಅಡ್ವಾನ್ಸ್ ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಗಂಟೆ ಕ್ಯಾಮರಾ ಕೈಯಲ್ಲಿ ಇರುತ್ತದೆ? ಎಷ್ಟು ಹುಡುಗರಿಗೆ ಎಷ್ಟು ಕ್ಯಾಮರಾ, ಎಷ್ಟು ಲೈಟು? ಪಾಠ ಮಾಡುವವರು ತೆಗೆದ ಚಿತ್ರಗಳು ಎಲ್ಲಿ? ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ, ಮಾತಾಡಿಸಬಹುದೇ? ವಿಶ್ವವಿದ್ಯಾಲಯದ ಹೆಸರು ಯು.ಜಿ.ಸಿ. ಮಾನ್ಯ ಮಾಡಿದ ಪಟ್ಟಿಯಲ್ಲಿ ಇದೆಯೇ ಎಂದೂ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯು.ಜಿ.ಸಿ.ಯೇ ಪ್ರಕಟಿಸುತ್ತದೆ. ಅಕ್ಕಿ ಮೂಟೆ ಕೊಳ್ಳುವಾಗ ಹಿಡಿ ತೆಗೆದು ನೋಡುವ ನೀವು, ಇಲ್ಲಿ ಬಣ್ಣದ ಕರಪತ್ರ ನೋಡಿ ಮರುಳಾಗಬೇಡಿ.

ಕೊನೆಗೆ ದೊಡ್ಡವರಿಗೂ ಒಂದು ಮಾತು. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಹುಟ್ಟಿದ್ದು ಈ ಜಿಲ್ಲೆಯ ಮಕ್ಕಳಿಗಾಗಿ. ಸ್ಟುಡಿಯೋ ಹುಡುಗರು ಕೆಲಸ ಮುಗಿಸಿ ಬಂದು ಕೂರುವಂಥ, ಆರು ತಿಂಗಳ ಸಂಜೆ ಕೋರ್ಸೊಂದನ್ನು ಕಡಿಮೆ ಫೀಜಿಗೆ ನಡೆಸುವುದು ಅದಕ್ಕೆ ಭಾರವಲ್ಲ. ಬೆಳಕು, ಕಾನೂನು, ಲೆಕ್ಕ ಈ ಮೂರು ಕಲಿಸಿದರೆ ಸಾಕು. ಸ್ಟುಡಿಯೋ ಯಜಮಾನರೂ ಅಷ್ಟೇ. ಲೈಟು ಹಿಡಿಯುವ ಹುಡುಗನಿಗೆ ಊಟದ ಜೊತೆ ಕೂಲಿಯನ್ನೂ ಕೊಡಿ, ವಿದ್ಯೆಯನ್ನೂ ಮುಚ್ಚಿಡದೆ ಹೇಳಿ.

ನಾವು ಹೊರಡುವಾಗ ಯಜಮಾನರ ಮಗ ತನ್ನ ಫೋನಿನಲ್ಲಿ ತೆಗೆದ ಒಂದು ಚಿತ್ರ ತೋರಿಸಿದ. ಅಂಗಡಿಯ ದೀಪದ ಕೆಳಗೆ ಅವನ ಅಪ್ಪ ಕಣ್ಣು ಕಿರಿದು ಮಾಡಿ ತಕ್ಕಡಿಯ ಮುಳ್ಳು ನೋಡುತ್ತಿದ್ದಾರೆ. ಚಿತ್ರ ಚೆನ್ನಾಗಿತ್ತು. ಯಜಮಾನರಿಗೆ ತೋರಿಸಿದೆಯಾ ಎಂದು ಕೇಳಿದೆವು. ಇಲ್ಲ ಎಂದ. ಮೊದಲು ಅದನ್ನು ತೋರಿಸಪ್ಪಾ, ಫೀಜಿನ ಮಾತು ಆಮೇಲೆ.