ಹೊಸ ಚಕ್ರ, ಹಳೆಯ ಬೀಸುಕಲ್ಲು



ಈ ಸಲ ಅಡುಗೆಮನೆ ಬಿಟ್ಟು ಅಂಗಳಕ್ಕೆ ಬಂದಿದ್ದೇನೆ. ಕಾರಿನ ಚಕ್ರದ ಮಾತು ನಮಗ್ಯಾಕೆ ಎಂದು ಪುಟ ತಿರುವಬೇಡಿ. ಆ ಕಾರಿನಲ್ಲಿ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಹೋಗುವವರು ನಾವೇ ತಾನೇ?

ನಮ್ಮ ಮಗ ತನ್ನ ಮೊದಲ ಸಂಬಳದಲ್ಲಿ ಮನೆಯ ಕಾರಿಗೆ ಹೊಸ ಅಲಾಯ್ ಚಕ್ರ ಹಾಕಿಸಿಕೊಟ್ಟ. ಫಳಫಳ ಹೊಳೆಯುವ ಚಕ್ರ ನೋಡಿ ನಮಗೂ ಹೆಮ್ಮೆ. ಮಡಿಕೇರಿಯ ತಿರುವುಗಳಲ್ಲಿ ಏನೂ ತೊಂದರೆ ಕಾಣಲಿಲ್ಲ. ಅತ್ತೆಯವರ ಕಣ್ಣು ತೋರಿಸಲು ಮೈಸೂರಿಗೆ ಹೊರಟ ದಿನ ಕುಶಾಲನಗರ ದಾಟಿತು, ನೇರ ರಸ್ತೆ ಸಿಕ್ಕಿತು, ಮುಳ್ಳು 80ಕ್ಕೆ ಬಂತು. ಸ್ಟಿಯರಿಂಗು ಗಡಗಡ ನಡುಗತೊಡಗಿತು! "ಇದೇನು ಮಗಾ, ಕಾರಿಗೂ ಚಳಿಜ್ವರ ಬಂತಾ?" ಎಂದು ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ಯಜಮಾನರದು ಒಂದೇ ಹಟ: "ಆ ಶೋಕಿ ಚಕ್ರ ಬಿಚ್ಚಿಸಿ ಹಾಕು." ಮಗ ಊಟ ಬಿಟ್ಟು ಎದ್ದ. ಎರಡು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದ್ದಾಯಿತು, ನಡುಕ ಹೋಗಲಿಲ್ಲ. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚಿ ನೋಡಿ ಹೇಳಿದರು: "ಅಕ್ಕಾ, ಇದು ಬ್ಯಾಲೆನ್ಸ್ ದೋಷ ಅಲ್ಲ. ಚಕ್ರದ ನಡುವಿನ ತೂತು ದೊಡ್ಡದು, ಗಾಡಿಯ ಹಬ್ಬು ಸಣ್ಣದು. ಚಕ್ರ ನಡುವಿಗೆ ಕೂತೇ ಇಲ್ಲ."

ನನಗೆ ತಟ್ಟನೆ ನೆನಪಾದದ್ದು ನಮ್ಮ ಬೀಸುಕಲ್ಲು. ಕಡಂಬುಟ್ಟಿಗೆ ತರಿ ಬೀಸುವಾಗ ನಡುವಿನ ಗೂಟ ಸವೆದಿದ್ದರೆ ಮೇಲಿನ ಕಲ್ಲು ಒಂದು ಪಕ್ಕಕ್ಕೆ ಸರಿದು ಓಲಾಡುತ್ತದೆ. ಗೂಟಕ್ಕೆ ಬಟ್ಟೆ ಸುತ್ತಿ ಬಿಗಿ ಮಾಡಿದರೆ ಸರಿಯಾಗಿ ತಿರುಗುತ್ತದೆ. ಇಲ್ಲಿಯೂ ಅದೇ ಕತೆ!

ಹೊರಗೆ ಸಿಗುವ ಚಕ್ರ ಹತ್ತು ಬಗೆಯ ಕಾರಿಗೆ ಹೊಂದಲಿ ಎಂದು ತೂತನ್ನು ದೊಡ್ಡದಾಗಿಯೇ ಮಾಡಿರುತ್ತಾರೆ. ಮಾರುತಿ ಸ್ವಿಫ್ಟ್ ಕಾರಿನ ಹಬ್ಬು 54.1 ಮಿ.ಮೀ.; ಹೊರಗಿನ ಅನೇಕ ಚಕ್ರಗಳ ತೂತು 73.1 ಮಿ.ಮೀ. ನಟ್ಟು ಬಿಗಿಯುವಾಗ ಚಕ್ರ ಕೂದಲೆಳೆಯಷ್ಟು ಸರಿದರೂ ಸಾಕು. 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಸುತ್ತುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಅದಕ್ಕೇ ತಿರುವಿನಲ್ಲಿ ಮೆಲ್ಲಗೆ ಹೋಗುವಾಗ ತಿಳಿಯದ್ದು ನೇರ ರಸ್ತೆಯಲ್ಲಿ ತಿಳಿಯುತ್ತದೆ. ಬ್ಯಾಲೆನ್ಸ್ ಯಂತ್ರ ಚಕ್ರವನ್ನು ತನ್ನ ನಡುವಿಗೇ ಸರಿಯಾಗಿ ಹಿಡಿಯುವುದರಿಂದ ಅಲ್ಲಿ ಈ ದೋಷ ಕಾಣುವುದೇ ಇಲ್ಲ.

ಇದಕ್ಕೆ ಮದ್ದು ಒಂದು ಬಳೆ. ಹಬ್ ರಿಂಗ್ ಎಂದು ಕೇಳಿ. ಪ್ಲಾಸ್ಟಿಕ್ಕಿನದೂ ಅಲ್ಯೂಮಿನಿಯಮ್ಮಿನದೂ ಸಿಗುತ್ತದೆ. ಅಂದಾಜಿನಲ್ಲಿ ತರಬೇಡಿ, ಹಬ್ಬು, ತೂತು ಎರಡನ್ನೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿಸಿ. ಗ್ಯಾರೇಜಿನಲ್ಲಿ ಇಷ್ಟನ್ನು ಗಮನಿಸಿ:

1. ನಮ್ಮ ಮಳೆಗೆ ಹಬ್ಬಿಗೆ ತುಕ್ಕು ಹಿಡಿದಿರುತ್ತದೆ. ಅದನ್ನು ಉಜ್ಜಿ ತೆಗೆದ ಮೇಲೆಯೇ ಬಳೆ ಕೂರಿಸಲಿ.

2. ನಟ್ಟಿನ ತುದಿ ಚಕ್ರದ ಕುಳಿಗೆ ಹೊಂದಬೇಕು. ಓರೆ ಕುಳಿಗೆ ಓರೆ ನಟ್ಟು, ದುಂಡು ಕುಳಿಗೆ ದುಂಡು ನಟ್ಟು. ಬಳೆ ನಡುವಿಗೆ ತರುತ್ತದೆ ಅಷ್ಟೆ. ಚಕ್ರವನ್ನು ಹಿಡಿದಿಡುವುದು ನಟ್ಟುಗಳೇ.

3. ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಲಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಕಾರಿನ ಪುಸ್ತಕದಲ್ಲಿರುವ ಅಳತೆಗೆ. 80-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ.

4. ಹಳೆಯ ನಟ್ಟುಗಳನ್ನು ಗುಜರಿಗೆ ಹಾಕಬೇಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿ ಕಂಪೆನಿಯ ಚಕ್ರವಾದರೆ ಅದಕ್ಕೆ ಅವೇ ಬೇಕಾದೀತು. ಸ್ಟೆಪ್ನಿ ಹಾಕುವ ಮೊದಲು ಬಳೆಯನ್ನೂ ತೆಗೆಯಬೇಕು, ಇಲ್ಲದಿದ್ದರೆ ಚಕ್ರ ಕೂರುವುದಿಲ್ಲ.

ಬಳೆ ಹಾಕಿದರೂ ನಡುಕ ಉಳಿದರೆ ರಿಮ್ಮು ಸೊಟ್ಟಗಾಗಿದೆಯೋ, ಟೈರು ಕೆಟ್ಟಿದೆಯೋ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಪರೀಕ್ಷಿಸಬೇಕು. ಯಾವುದಾದರೂ ಸರಿ, "ಅಭ್ಯಾಸವಾಗುತ್ತೆ ಬಿಡು" ಎಂದು ಓಡಿಸಬೇಡಿ. ನಟ್ಟು ಸಡಿಲವಾಗಿದ್ದರೂ ಕಾರು ಹೀಗೇ ನಡುಗುತ್ತದೆ. ಘಟ್ಟದ ರಸ್ತೆ ನಮ್ಮದು, ನೆನಪಿರಲಿ.

ಮುಂದಿನ ತಿಂಗಳು ಮೈಸೂರಿಗೆ ಹೋದಾಗ ಮಗನೇ ಓಡಿಸಿದ. ಹುಣಸೂರು ದಾಟುವಷ್ಟರಲ್ಲಿ ಅತ್ತೆಗೆ ಗಾಢ ನಿದ್ರೆ. ಯಜಮಾನರು ಸ್ವಲ್ಪ ಹೊತ್ತು ಕಿಟಕಿ ನೋಡುತ್ತಿದ್ದು, ಮೆಲ್ಲಗೆ ಹೇಳಿದರು: "ಚಕ್ರ ಚೆನ್ನಾಗಿವೆ ಮಾರಾಯ." ಮಗ ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ಅವನ ನಗು ನನಗೆ ಕಂಡಿತು.