ಇಪ್ಪತ್ತು ನಲ್ಲಿಗಳ ಬಿಯರು, ಒಂದು ನದಿಯ ನೀರು

ಬೆಂಗಳೂರಿನಲ್ಲಿ ಈಗ ಒಂದು ಹೊಸ ಬಗೆಯ ಮದ್ಯದಂಗಡಿ ಬೇರೂರಿದೆ. ಬಿಯರನ್ನು ಅಲ್ಲಿಯೇ ಕುದಿಸಿ, ಅಲ್ಲಿಯೇ ಹುಳಿಯಿಸಿ, ಅಲ್ಲಿಯೇ ನಲ್ಲಿಯಿಂದ ಲೋಟಕ್ಕೆ ಹಿಡಿದು ಕೊಡುವ ಈ ಸ್ಥಳಗಳಿಗೆ ಮೈಕ್ರೋಬ್ರೂವರಿ ಎಂದು ಹೆಸರು. ಸರ್ಕಾರ ನಿಯಮ ರೂಪಿಸಿ ಪರವಾನಗಿಗೆ ದಾರಿ ಮಾಡಿಕೊಟ್ಟ ಮೇಲೆ, 2011ರಲ್ಲಿ ವಿಠ್ಠಲ ಮಲ್ಯ ರಸ್ತೆಯಲ್ಲಿ ‘ದಿ ಬಿಯರ್ ಕ್ಲಬ್’ ತೆರೆಯಿತು. ಇಂದು ನಗರದಲ್ಲಿ ಇಂಥವು ಅರವತ್ತಕ್ಕೂ ಹೆಚ್ಚಿವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಾಡಿನ ಓದುಗರಿಗೆ ಇದರಿಂದ ಆಗಬೇಕಾದ್ದೇನು ಎಂಬ ಪ್ರಶ್ನೆ ಸಹಜ. ಆಗಬೇಕಾದ್ದು ಬಹಳ ಇದೆ. ಆ ಲೋಟದಲ್ಲಿರುವ ನೀರು ನಮ್ಮದು. ಅದರ ಹೆಸರಿನಲ್ಲಿರುವ ರಾಗಿಯೂ ನಮ್ಮದೇ.

ಗೆಳೆಯರೊಬ್ಬರ ಒತ್ತಾಯಕ್ಕೆ ಅಂಥದೊಂದು ಸ್ಥಳವನ್ನು ನೋಡುವ ಅವಕಾಶ ಈ ಲೇಖಕನಿಗೂ ಒದಗಿತ್ತು. ಗಾಜಿನ ಗೋಡೆಯಾಚೆ ತಾಮ್ರದ ಬಣ್ಣದ ಹಂಡೆಗಳು, ಉಕ್ಕಿನ ಕೊಳಗಗಳು. ಈಚೆ ಸಾಲಾಗಿ ಇಪ್ಪತ್ತು ನಲ್ಲಿಗಳು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳು: ಗೋಧಿಯದು, ಕಾಫಿ ಬೆರೆಸಿದ್ದು, ಮಾವಿನದು, ಬೆಲ್ಲದ್ದು, ರಾಗಿಯದು. ‘ನಮ್ಮ ನೆಲದ ರುಚಿ’ ಎಂಬ ಅರ್ಥದ ಮಾತು ಪಟ್ಟಿಯ ತಲೆಯ ಮೇಲಿತ್ತು. ಲೋಟ ತಂದಿಟ್ಟ ಹುಡುಗ ಹುಣಸೂರಿನ ಕಡೆಯವನು. “ಸಾರ್, ರಾಗಿದು ಒಂದು ನೋಡಿ, ಎಲ್ಲ ಕೇಳ್ತಾರೆ” ಎಂದ. ರಾಗಿ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ನಕ್ಕು, “ಅಂಗಡಿಯಿಂದ ಮೂಟೆ ಬರುತ್ತೆ ಸಾರ್. ನಮ್ಮೂರಿಂದಂತೂ ಅಲ್ಲ” ಎಂದ. ಆ ಒಂದು ಮಾತು ಈ ಬರೆಹಕ್ಕೆ ಕಾರಣ.

‘ಸ್ಥಳೀಯ’ ಎಂದರೆ ಏನು?

ಬಿಯರಿಗೆ ಬೇಕಾದವು ನಾಲ್ಕು: ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಹಾಪ್ಸ್ ಎಂಬ ಬಳ್ಳಿಯ ಹೂ, ಯೀಸ್ಟ್ ಮತ್ತು ನೀರು. ಧಾನ್ಯವೆಂದರೆ ಮುಖ್ಯವಾಗಿ ಜವೆಗೋಧಿ, ಅಂದರೆ ಬಾರ್ಲಿ. ನಮ್ಮ ದೇಶದಲ್ಲಿ ಅದು ಬೆಳೆಯುವುದು ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಚಳಿಗಾಲದಲ್ಲಿ. ದುಬಾರಿ ಬಿಯರಿಗೆ ಬಳಸುವ ವಿಶೇಷ ಮಾಲ್ಟ್ ಬಹುಮಟ್ಟಿಗೆ ಜರ್ಮನಿಯಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಹಾಪ್ಸ್ ಬಳ್ಳಿಗೆ ಚಳಿ ಬೇಕು, ಬೇಸಿಗೆಯ ದೀರ್ಘ ಹಗಲು ಬೇಕು; ಅದೂ ಹೊರದೇಶದ್ದೇ. ಹೀಗೆ ನಾಲ್ಕರಲ್ಲಿ ಮೂರು ದೂರದಿಂದ ಬಂದವು. ನಿಜವಾಗಿ ಸ್ಥಳೀಯವಾದದ್ದು ಒಂದೇ, ಅದು ನೀರು. ಫಲಕದ ಮೇಲೆ ಬರೆಯದೆ ಬಿಟ್ಟಿರುವ ಹೆಸರೂ ಅದೊಂದೇ.

ಆ ನೀರು ಎಲ್ಲಿಯದು? ಕೊಡಗಿನಿಂದ ಇಳಿದ ಕಾವೇರಿ ಪಿರಿಯಾಪಟ್ಟಣದ ಅಂಚು ಹಿಡಿದು ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ. ಲಕ್ಷ್ಮಣತೀರ್ಥ ಹುಣಸೂರನ್ನು ಹಾದು ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಎಚ್.ಡಿ. ಕೋಟೆಯ ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಗೆ ಸಂಗಮಿಸುತ್ತಾಳೆ. ಅದರ ಕೆಳಗೆ, ಶಿವನಸಮುದ್ರದ ಬಳಿ ಎತ್ತಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಪಂಪುಗಳ ಬಲದಿಂದ ಏರಿ ಬೆಂಗಳೂರನ್ನು ಮುಟ್ಟುತ್ತದೆ. ನಾಲ್ಕು ತಾಲ್ಲೂಕುಗಳ ಮಳೆಯೆಲ್ಲ ಒಂದೇ ಕೊಳವೆಯ ಬಾಯಿಗೆ ಬರುತ್ತದೆ ಎಂದರೆ ತಪ್ಪಾಗಲಾರದು. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಐದನೆಯ ಹಂತದ ಯೋಜನೆಯಿಂದ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಈ ದಾರಿಗೆ ಸೇರಿದೆ.

ನಗರದ ಜನಕ್ಕೆ ಕುಡಿಯಲು ನೀರು ಕೊಡಬಾರದೆಂದು ನಾವು ಎಂದೂ ಹೇಳಿಲ್ಲ, ಈಗಲೂ ಹೇಳುತ್ತಿಲ್ಲ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಅದನ್ನು ಕೊಟ್ಟದ್ದು ಕುಡಿಯುವ ನೀರಿನ ಹೆಸರಿನಲ್ಲಿ. ಬಾಯಾರಿಕೆಯ ಹೆಸರಿನಲ್ಲಿ ಪಡೆದ ನೀರು ಯಾವ ಯಾವ ಬಗೆಯ ಬಾಯಾರಿಕೆಗೆ ಸಲ್ಲುತ್ತಿದೆ ಎಂದು ಕೇಳುವ ಹಕ್ಕು ಮೇಲ್ದಂಡೆಯವರಿಗೆ ಇದೆ. ದೊಡ್ಡ ಕಾರ್ಖಾನೆಗಳಲ್ಲೇ ಒಂದು ಲೀಟರ್ ಬಿಯರಿಗೆ ಮೂರು ನಾಲ್ಕು ಲೀಟರ್ ನೀರು ಖರ್ಚಾಗುತ್ತದೆ. ಸಣ್ಣ ಘಟಕಗಳಲ್ಲಿ ಹಂಡೆ ತೊಳೆಯಲು, ತಣಿಸಲು, ನೀರನ್ನು ಸೋಸಿ ಹದಗೊಳಿಸಲು ಅದಕ್ಕಿಂತ ಹೆಚ್ಚು ಬೇಕು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವ ಆದೇಶ ಬಂತು. ಕಾರಿಗೆ ಅನ್ವಯಿಸುವ ನ್ಯಾಯ ಹಂಡೆಗೂ ಅನ್ವಯಿಸಬೇಡವೇ?

ರಾಗಿಯ ಹೆಸರು, ರೈತನ ಪಾಲು

ಇನ್ನು ರಾಗಿಯ ಮಾತು. ರಾಗಿಯಿಂದ ಪಾನೀಯ ಮಾಡುವುದು ನಗರದ ಹೊಸ ಶೋಧವಲ್ಲ. ಸಿಕ್ಕಿಂ, ನೇಪಾಳಗಳ ಗುಡ್ಡಗಾಡಿನಲ್ಲಿ ಹುಳಿಯಿಸಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರ ಕೊಳವೆಯಿಂದ ಹೀರುವ ‘ತೋಂಗ್ಬಾ’ ಹಳೆಯ ಪದ್ಧತಿ. ರಾಗಿಯ ತವರಾದ ಪೂರ್ವ ಆಫ್ರಿಕದ ಉಗಾಂಡದಲ್ಲಿ ಊರವರು ಒಂದೇ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ರಾಗಿಯ ಬಿಯರು ಕುಡಿಯುತ್ತಾರೆ. ನಮ್ಮಲ್ಲಿ ಅದೇ ವಿದ್ಯೆ ಬೇರೆ ರೂಪದಲ್ಲಿ ಉಳಿದಿದೆ. ಹಸುಗೂಸಿಗೆ ರಾಗಿಸರಿ ಮಾಡುವ ಪ್ರತಿ ತಾಯಿಯೂ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾಳೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಸಿಹಿಯಾಗಿಸುತ್ತದೆ. ಮಗುವಿನ ಗಂಜಿಯಲ್ಲೂ ಬಿಯರಿನ ಹಂಡೆಯಲ್ಲೂ ನಡೆಯುವ ಮೊದಲ ಹೆಜ್ಜೆ ಇದೇ. ವ್ಯತ್ಯಾಸವೊಂದಿದೆ: ಜವೆಗೋಧಿಗೆ ಹೊಟ್ಟಿನ ಸಿಪ್ಪೆಯುಂಟು, ಅದು ಹಂಡೆಯ ತಳದಲ್ಲಿ ಜರಡಿಯಾಗಿ ನಿಂತು ರಸವನ್ನು ಸೋಸಿಕೊಡುತ್ತದೆ. ರಾಗಿಗೆ ಅಂಥ ಸಿಪ್ಪೆಯಿಲ್ಲ. ಆದ್ದರಿಂದ ರಾಗಿಯ ಬಿಯರೆಂದು ಮಾರುವುದರಲ್ಲಿಯೂ ಸಾಮಾನ್ಯವಾಗಿ ರಾಗಿ ಜೊತೆಗಾರ ಮಾತ್ರ, ಯಜಮಾನ ಬಾರ್ಲಿಯೇ.

ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಬಡವನ ಅಂಬಲಿ, ಮುದ್ದೆ ಹೆಚ್ಚಲೆಂದು ಜೀವನವನ್ನೇ ಸವೆಸಿದವರು ಅವರು. ಆ ರಾಗಿ ಇಂದು ನಗರದ ಫಲಕದ ಮೇಲೆ ಅಲಂಕಾರವಾಗಿದೆ. 2025-26ನೇ ಸಾಲಿಗೆ ರಾಗಿಗೆ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ ಐವತ್ತು ರೂಪಾಯಿಗೂ ಕಡಿಮೆ. ನಗರದ ಬಾರಿನಲ್ಲಿ ಒಂದು ಲೋಟದ ಬೆಲೆಗೆ ಹಲವು ಕಿಲೋ ರಾಗಿ ಬರುತ್ತದೆ. ಆ ಲೋಟದೊಳಗೆ ಇರುವುದು ಹಿಡಿಯಷ್ಟು. ಲಾಭ ಮಾಡುವುದು ಅಪರಾಧವಲ್ಲ. ಆದರೆ ‘ನಮ್ಮ ನೆಲದ ರುಚಿ’ ಎಂದು ಮಾರುವವನು ಆ ನೆಲದವನೊಂದಿಗೆ ಒಂದು ಒಪ್ಪಂದವನ್ನಾದರೂ ಮಾಡಿಕೊಳ್ಳಬೇಕು.

ಈ ಮಾತು ನಮ್ಮ ನಾಲ್ಕು ತಾಲ್ಲೂಕುಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಇಲ್ಲಿಯದು ವರ್ಜೀನಿಯಾ ಹೊಗೆಸೊಪ್ಪಿನ ನೆಲ. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟು, ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಿ, ಹರಾಜು ಕಟ್ಟೆಗೆ ಒಯ್ಯುವ ಜೀವನ. ಒಂದು ಕಿಲೋ ಸೊಪ್ಪು ಹದವಾಗಲು ಹಲವು ಕಿಲೋ ಸೌದೆ ಸುಡುತ್ತದೆ. ಅದಕ್ಕಾಗಿ ಉರುಳಿದ ಮರಗಳ ಕಥೆಯನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಬಿಡಿ ಎಂದು ಎಲ್ಲರೂ ಉಪದೇಶಿಸುತ್ತಾರೆ. ಬಿಟ್ಟವನ ರಾಗಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಒಂದು ಚಟದ ಬೆಳೆಯಿಂದ ಇನ್ನೊಂದು ಚಟದ ಬೆಳೆಗೆ ಜಾರಬೇಕೆಂದು ನಾವು ಹೇಳುತ್ತಿಲ್ಲ. ರಾಗಿಯ ಮೊದಲ ಹಕ್ಕುದಾರ ಹಸಿದ ಹೊಟ್ಟೆ. ಶಾಲೆಯ ಊಟ, ಪಡಿತರ, ಆಸ್ಪತ್ರೆಗಳು ರಾಗಿಯನ್ನು ಕೊಂಡರೆ ಬಿಯರಿನವರ ಹಂಗು ನಮಗೆ ಬೇಕಾಗದು.

ಎರಡು ತಕ್ಕಡಿ

ಕಾನೂನಿನ ಮಾತಿಗೆ ಬರೋಣ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಂಗಸರು ಬಹುಕಾಲದಿಂದ ಕೇಳುತ್ತಿದ್ದ ಕ್ರಮ ಅದು, ಸ್ವಾಗತಾರ್ಹವೇ. ಆದರೆ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ ಪೆಟ್ಟಿಗೆ ಅಂಗಡಿಯವರೆಗೂ ಬಂತು. ಕುಡಿದು ಎಸೆದ ಆ ಪೊಟ್ಟಣಗಳು ಇಂದು ನಮ್ಮ ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಕಾಡಂಚಿನ ಕಂದಕದಲ್ಲಿ ಬಿದ್ದಿವೆ. ಒಡೆದ ಬಾಟಲಿ ದನದ ಗೊರಸನ್ನು ಸೀಳುತ್ತದೆ. ಮನೆಯಲ್ಲಿ ಮಡಕೆ ಇಟ್ಟು ಹುಳಿಯಿಸಿದ ಆದಿವಾಸಿಯ ಮೇಲೆ ಅಬಕಾರಿ ಮೊಕದ್ದಮೆ. ಗಾಜಿನ ಗೋಡೆಯ ಹಿಂದೆ ಹಂಡೆ ಇಟ್ಟು ಹುಳಿಯಿಸಿದವನಿಗೆ ಪತ್ರಿಕೆಯಲ್ಲಿ ಲೇಖನ. ಮಡಕೆಯಲ್ಲಿ ಆದದ್ದು ಅಪರಾಧ, ಹಂಡೆಯಲ್ಲಿ ಆದದ್ದು ಕಲೆ! ಎರಡೂ ಕಡೆ ಕೆಲಸ ಮಾಡುವುದು ಅದೇ ಯೀಸ್ಟ್ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಲ್ಲಿ ನ್ಯಾಯವಾಗಿ ಒಪ್ಪಬೇಕಾದ ಎರಡು ಅಂಶಗಳೂ ಇವೆ. ನಲ್ಲಿಯ ಬಿಯರಿಗೆ ಬಾಟಲಿಯಿಲ್ಲ, ಪೊಟ್ಟಣವಿಲ್ಲ, ಲಾರಿಯ ಸಾಗಾಟವಿಲ್ಲ. ಲೋಟ ತೊಳೆದು ಮತ್ತೆ ಬಳಸುತ್ತಾರೆ. ಕಸದ ಲೆಕ್ಕದಲ್ಲಿ ಅದು ನಮ್ಮೂರ ಅಂಗಡಿಗಿಂತ ಮೇಲು. ರಸ ಹಿಂಡಿದ ಮೇಲೆ ಉಳಿಯುವ ಧಾನ್ಯ ಒಳ್ಳೆಯ ಪಶು ಆಹಾರ. ಬೆಂಗಳೂರಿನ ಸುತ್ತಲ ಹೈನುಗಾರರು ‘ಬಿಯರ್ ವೇಸ್ಟ್’ ಎಂದು ಅದನ್ನು ಕೊಂಡು ಹಸುಗಳಿಗೆ ಹಾಕುತ್ತಾರೆ. ಆದರೆ ಈ ಗುಣಗಳು ಮದ್ಯವನ್ನು ಪಥ್ಯವಾಗಿಸುವುದಿಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನುವಂಥ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ಸರ್ಕಾರದ ಗುರಿಯೆಂದು ಹೇಳುತ್ತದೆ. ನಮ್ಮ ಸರ್ಕಾರ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಗಳಿಸುತ್ತದೆ. ಈ ಎರಡು ವಾಕ್ಯಗಳ ನಡುವೆ ಸಿಕ್ಕಿಕೊಂಡಿರುವುದು ನಮ್ಮ ಹಳ್ಳಿಯ ಸಂಸಾರ.

ಕಾಡಂಚಿಗೆ ಬರುವ ಮುನ್ನ

ನಗರದಲ್ಲಿ ಹುಟ್ಟಿದ ಶೋಕಿ ನಗರದಲ್ಲೇ ನಿಲ್ಲುವುದಿಲ್ಲ. ಕಬಿನಿ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟುಗಳು ಸಾಲುಗಟ್ಟಿವೆ. 1974ರಲ್ಲಿ ಮುಗಿದ ಆ ಅಣೆಕಟ್ಟೆಗಾಗಿ ಊರು, ಕಾಡು ಮುಳುಗಿದವು; ಮುಳುಗಿದ ಊರಿನವರ ಮಕ್ಕಳು ಇಂದು ಅದೇ ನೀರಿನ ಅಂಚಿನಲ್ಲಿ ಅತಿಥಿಗಳ ಸಾಮಾನು ಹೊರುತ್ತಾರೆ. ‘ಕಾಡಿನ ನೀರು, ಕೋಟೆಯ ರಾಗಿ’ ಎಂಬ ಫಲಕದೊಡನೆ ನಾಳೆ ಇಲ್ಲಿಯೇ ಹಂಡೆಗಳು ಬಂದರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಕಾದ ಘಟನೆಯೊಂದಿದೆ. ನಾಗರಹೊಳೆಯ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಸರ್ಕಾರ ಜಾಗ ವಹಿಸಿಕೊಟ್ಟಾಗ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. ಅರಣ್ಯ ಸಂರಕ್ಷಣಾ ಕಾಯಿದೆ ಮತ್ತು ವನ್ಯಜೀವಿ ಕಾಯಿದೆಗಳ ಉಲ್ಲಂಘನೆಯಾಗಿದೆಯೆಂದು ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ಹಾಡಿಯ ಜನ ಒಟ್ಟಾಗಿ ನಿಂತರೆ ದೊಡ್ಡ ಬಂಡವಾಳವೂ ಹಿಂದೆ ಸರಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಬೇಡಿಕೆ ಇಷ್ಟು. ಬಿಯರು ತಯಾರಿಸುವ ಪ್ರತಿ ಘಟಕವೂ ತಾನು ಬಳಸುವ ನೀರಿನ ಮೂಲ ಮತ್ತು ಪ್ರಮಾಣವನ್ನು ಬಾಗಿಲಲ್ಲೇ ಬರೆದು ತೂಗುಹಾಕಬೇಕು. ಪರವಾನಗಿಯ ನವೀಕರಣಕ್ಕೆ ಅದೇ ಷರತ್ತಾಗಬೇಕು. ತೊಳೆಯಲು, ತಣಿಸಲು ಮರುಶುದ್ಧೀಕರಿಸಿದ ನೀರನ್ನು ಎಲ್ಲಿ ಬಳಸಬಹುದೋ ಅಲ್ಲೆಲ್ಲ ಕಡ್ಡಾಯಗೊಳಿಸಬೇಕು. ಬರ ಘೋಷಣೆಯಾದ ವರ್ಷ ಹಂಡೆಗಳ ಪಾಲನ್ನು ಮೊದಲು ಕಡಿತಗೊಳಿಸಬೇಕು, ಹೊಲದ ಪಾಲನ್ನಲ್ಲ. ಸ್ಥಳೀಯ ಧಾನ್ಯದ ಹೆಸರು ಹೇಳಿ ಮಾರುವವರು ಅದನ್ನು ರೈತರ ಸಂಘಗಳಿಂದ ಬೆಂಬಲ ಬೆಲೆಗಿಂತ ಹೆಚ್ಚಿಗೆ ಕೊಂಡ ದಾಖಲೆ ತೋರಿಸಬೇಕು. ಕಾಡಂಚಿನ ಗ್ರಾಮಗಳಲ್ಲಿ ಗ್ರಾಮಸಭೆ ಒಪ್ಪದ ಹೊರತು ಮದ್ಯದ ಯಾವ ಪರವಾನಗಿಯನ್ನೂ ಕೊಡಬಾರದು, ಅದು ಪೊಟ್ಟಣದ್ದಾಗಲಿ, ನಲ್ಲಿಯದಾಗಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮ ಊರಿನ ಕೆರೆ ಏರಿಯ ಮೇಲೆ ಒಂದು ಭಾನುವಾರ ನಡೆದು, ಬಿದ್ದಿರುವ ಪೊಟ್ಟಣ, ಬಾಟಲಿಗಳನ್ನು ಎಣಿಸಿ. ಅದೇ ಏರಿಯ ಕೆಳಗೆ ಈ ವರ್ಷ ಎಷ್ಟು ಎಕರೆ ರಾಗಿ ಬಿತ್ತಿದ್ದಾರೆ, ಎಷ್ಟು ಎಕರೆ ಹೊಗೆಸೊಪ್ಪು ನೆಟ್ಟಿದ್ದಾರೆ, ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವವರೆಗೆ ಕುರ್ಚಿಯಿಂದ ಏಳಬೇಡಿ.